ಲಂಡನ್ನಿನ ಅಂಬಿಗರು: ಒಂದೇ ಸೇತುವೆ ಇದ್ದ ಊರಲ್ಲಿ ನದಿ ದಾಟಿಸಿದವರ ಕಥೆ

1700ರ ಹೊತ್ತಿಗೆ ಲಂಡನ್ನಿನ ಜನಸಂಖ್ಯೆ 5 ಲಕ್ಷ ದಾಟಿತ್ತು. ಊರಿನ ಮಧ್ಯೆ ಥೇಮ್ಸ್ ನದಿ. ಆ ನದಿಗೆ ಊರೊಳಗೆ ಇದ್ದ ಸೇತುವೆ ಎಷ್ಟು ಗೊತ್ತಾ? ಒಂದೇ ಒಂದು. ಎರಡನೆಯದು ಬೇಕು ಅಂದರೆ ನದಿಯ ಮೇಲ್ಭಾಗದಲ್ಲಿ ಕಿಂಗ್‌ಸ್ಟನ್ ಎಂಬ ಊರಿನ ತನಕ ಹೋಗಬೇಕಿತ್ತು, ಅದು ಆಗ ಲಂಡನ್ನಿಗೆ ಸೇರಿದ ಊರೇ ಅಲ್ಲ. ಹಾಗಾದರೆ ಅಷ್ಟು ಜನ ದಿನಾ ಆಚೆ ದಡಕ್ಕೆ ಹೇಗೆ ಹೋಗುತ್ತಿದ್ದರು? ದೋಣಿ ಹತ್ತಿ, ದುಡ್ಡು ಕೊಟ್ಟು. ದೋಣಿ ನಡೆಸುವವರನ್ನು ಅಲ್ಲಿ ವಾಟರ್‌ಮನ್ ಎಂದು ಕರೆಯುತ್ತಿದ್ದರು. ನಾವು ಅಂಬಿಗರು ಎನ್ನೋಣ.

ಸೇತುವೆಗಳು ಬಂದವು, ಅಂಬಿಗರು ಹೋದರು ಎಂದು ಈ ಕಥೆಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುವವರು ಜಾಸ್ತಿ. ಅಷ್ಟು ಸುಲಭವಾಗಿ ನಡೆಯಲಿಲ್ಲ. ಈ ಕಸುಬು ಸಾಯುವುದಕ್ಕೆ ಇನ್ನೂರು ವರ್ಷಕ್ಕೂ ಮೇಲೆ ಹಿಡಿಯಿತು. ನನಗೆ ಅನ್ನಿಸುವಂತೆ ಇದನ್ನು ಅರ್ಥ ಮಾಡಿಕೊಳ್ಳಲು ಅಂಬಿಗರಿಗೂ ಸರ್ಕಾರಕ್ಕೂ ನಡುವೆ ಇದ್ದ ಒಂದು ಕೊಡು-ಕೊಳ್ಳುವ ವ್ಯವಹಾರ ಗೊತ್ತಿರಬೇಕು. ನದಿಯಲ್ಲಿ ದುಡಿಯುವ ಹಕ್ಕು ನಿಮ್ಮದೇ, ಬೇರೆಯವರು ಬರುವಂತಿಲ್ಲ ಎಂದು ಸರ್ಕಾರ ಹೇಳಿತು. ಬದಲಿಗೆ ಅವರಿಂದ ಎರಡು ವಸೂಲಿ ಮಾಡಿತು. ಒಂದು, ಬಾಡಿಗೆ ಎಷ್ಟು ಅನ್ನುವುದನ್ನು ತಾನೇ ನಿಗದಿ ಮಾಡಿತು. ಇನ್ನೊಂದು, ಯುದ್ಧ ಬಂದಾಗೆಲ್ಲ ಅವರನ್ನೇ ಹಿಡಿದು ನೌಕಾಪಡೆಗೆ ತುಂಬಿತು. ಮೊದಲು ಕಸುಬು ಹೇಗೆ ನಡೆಯುತ್ತಿತ್ತು ಅನ್ನುವುದನ್ನು ನೋಡೋಣ, ಆ ವ್ಯವಹಾರಕ್ಕೆ ಆಮೇಲೆ ಬರೋಣ.

ಹಳೆಯ ಲಂಡನ್ ಬ್ರಿಡ್ಜ್ ಕಟ್ಟಿ ಮುಗಿದದ್ದು 1209ರಲ್ಲಿ. 19 ಕಮಾನುಗಳ ಕಲ್ಲಿನ ಸೇತುವೆ. ಅದರ ಮೇಲೆ ಎರಡೂ ಬದಿಗೆ ಮನೆ, ಅಂಗಡಿ. ಮಧ್ಯೆ ಉಳಿದ ದಾರಿ ಎಷ್ಟು ಇಕ್ಕಟ್ಟು ಎಂದರೆ ಎರಡು ಗಾಡಿ ಎದುರುಬದುರಾದರೆ ಎಲ್ಲರೂ ನಿಲ್ಲಬೇಕಿತ್ತು. ಹಾಗಾಗಿ ಸೇತುವೆ ಇದ್ದರೂ ಅದರ ಮೇಲೆ ಹೋಗುವುದು ಅವಸರದಲ್ಲಿದ್ದವರ ಕೆಲಸ ಆಗಿರಲಿಲ್ಲ. ಇನ್ನೊಂದು ವಿಷಯ ಇದೆ. ಲಂಡನ್ ಬೆಳೆದದ್ದೇ ನದಿಯ ಉದ್ದಕ್ಕೆ. ಪಶ್ಚಿಮಕ್ಕೆ ವೆಸ್ಟ್‌ಮಿನ್‌ಸ್ಟರ್, ಅಲ್ಲಿ ಅರಮನೆ, ಪಾರ್ಲಿಮೆಂಟು, ಕೋರ್ಟು. ಪೂರ್ವಕ್ಕೆ ವ್ಯಾಪಾರದ ಹಳೆಯ ಊರು, ಟವರ್ ಕೋಟೆ, ಹಡಗುಕಟ್ಟೆ. ಇನ್ನೂ ಕೆಳಕ್ಕೆ ಗ್ರೀನಿಚ್. ಈ ತುದಿಯಿಂದ ಆ ತುದಿಗೆ ಕೆಸರು ತುಂಬಿದ ಕಿರುಬೀದಿಗಳಲ್ಲಿ ನಡೆಯುವುದಕ್ಕಿಂತ ದೋಣಿಯಲ್ಲಿ ಕೂತು ಹೋಗುವುದು ಬೇಗ. ಹಾಗಾಗಿ ಅಂಬಿಗನಿಗೆ ಬರೀ ಆಚೆ ದಡ ಮುಟ್ಟಿಸುವ ಕೆಲಸವಷ್ಟೇ ಇರಲಿಲ್ಲ. ಊರಿನ ಮುಖ್ಯ ರಸ್ತೆಯೇ ನದಿ, ಆ ರಸ್ತೆಯ ಬಾಡಿಗೆ ಗಾಡಿ ಅವನದು. 1660ರ ದಶಕದಲ್ಲಿ ದಿನಚರಿ ಬರೆಯುತ್ತಿದ್ದ ನೌಕಾ ಇಲಾಖೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್, ಆಫೀಸು ಕೆಲಸಕ್ಕೂ ಹೋಗುತ್ತಿದ್ದದ್ದು ದೋಣಿಯಲ್ಲೇ, ಅಡ್ಡಾಡುವುದಕ್ಕೂ ದೋಣಿಯಲ್ಲೇ.

ಲಂಡನ್ನಿನ ಹತ್ತಿರ ಥೇಮ್ಸ್‌ಗೆ ಸಮುದ್ರದ ಉಬ್ಬರ ಇಳಿತ ತಟ್ಟುತ್ತದೆ. ಸುಮಾರು ಆರು ಗಂಟೆ ನೀರು ಊರೊಳಕ್ಕೆ ನುಗ್ಗುತ್ತದೆ, ಆಮೇಲೆ ಅಷ್ಟೇ ಹೊತ್ತು ಸಮುದ್ರದ ಕಡೆ ಓಡುತ್ತದೆ. ಅಂಬಿಗನ ಇಡೀ ದಿನ ಇದರ ಮೇಲೆ ನಿಂತಿತ್ತು. ವೆಸ್ಟ್‌ಮಿನ್‌ಸ್ಟರ್‌ಗೆ ಹೋಗುವ ಗಿರಾಕಿ ಉಬ್ಬರದ ಹೊತ್ತಿಗೆ ಸಿಕ್ಕಿದರೆ ನೀರೇ ಅರ್ಧ ಕೆಲಸ ಮಾಡುತ್ತಿತ್ತು. ಅದೇ ಗಿರಾಕಿ ಇಳಿತದ ಹೊತ್ತಿಗೆ ಬಂದರೆ ತೋಳು ಕಿತ್ತುಬರುತ್ತಿತ್ತು. ದೂರದ ಪ್ರಯಾಣಕ್ಕೆ ನೀರಿನ ಜೊತೆಗೆ ಹೋದರೆ ಒಂದು ದರ, ನೀರಿಗೆ ಎದುರು ಹೋದರೆ ಇನ್ನೊಂದು ದರ ಎಂದು ಪಟ್ಟಿಯಲ್ಲೇ ಬೇರೆ ಬೇರೆ ನಮೂದು ಇರುತ್ತಿದ್ದದ್ದು ಇದಕ್ಕೇ.

ದೋಣಿಯ ಹೆಸರು ವೆರಿ. ಹಗುರ, ಉದ್ದ, ಹಲಗೆಯ ಮೇಲೆ ಹಲಗೆ ಅಂಚು ಹಾಸಿ ಮೊಳೆ ಹೊಡೆದು ಕಟ್ಟಿದ್ದು. ಮೂತಿ ಮಾತ್ರ ಉದ್ದಕ್ಕೆ ಚಾಚಿಕೊಂಡಿರುತ್ತದೆ, ಅದಕ್ಕೊಂದು ಕಾರಣ ಇದೆ. ನೀರು ಇಳಿದಾಗ ದಡದ ತುಂಬ ಕೆಸರು. ದೋಣಿಯ ಮೂತಿಯನ್ನು ಕೆಸರಿನ ಮೇಲಿಂದ ಮೆಟ್ಟಿಲ ತನಕ ತಂದು ತಾಗಿಸಿಬಿಟ್ಟರೆ ರೇಷ್ಮೆ ಬಟ್ಟೆ ಹಾಕಿಕೊಂಡ ಗಿರಾಕಿಯೂ ಕಾಲು ಒದ್ದೆ ಮಾಡಿಕೊಳ್ಳದೆ ಇಳಿಯಬಹುದು. ದೋಣಿ ಎಷ್ಟು ದೊಡ್ಡದಿರಬೇಕು ಎಂದು ಕಾನೂನೇ ಇತ್ತು. 1555ರ ಕಾಯ್ದೆಯ ಪ್ರಕಾರ ಉದ್ದ ಇಪ್ಪತ್ತೆರಡೂವರೆ ಅಡಿ, ಮಧ್ಯದಲ್ಲಿ ಅಗಲ ನಾಲ್ಕೂವರೆ ಅಡಿ. ಅದಕ್ಕಿಂತ ಚಿಕ್ಕದು ಕಟ್ಟಿದರೆ ದೋಣಿ ಜಪ್ತಿ. ಸಣ್ಣ ದೋಣಿಗಳು ಮಗುಚಿ ಜನ ಸಾಯುತ್ತಿದ್ದರು, ಅದಕ್ಕೇ ಈ ನಿಯಮ.

ದಡದ ಉದ್ದಕ್ಕೂ ನೀರಿಗೆ ಇಳಿಯುವ ಮೆಟ್ಟಿಲುಗಳು. ಅಂಬಿಗರ ಸ್ಟ್ಯಾಂಡು ಅಂದರೆ ಇವೇ. ಓಲ್ಡ್ ಸ್ವಾನ್, ವೆಸ್ಟ್‌ಮಿನ್‌ಸ್ಟರ್, ವಾಪಿಂಗ್ ಓಲ್ಡ್ ಸ್ಟೇರ್ಸ್, ಹೀಗೆ ಪ್ರತಿಯೊಂದಕ್ಕೂ ಹೆಸರು. ಗಿರಾಕಿ ಮೆಟ್ಟಿಲ ಹತ್ತಿರ ಬರುತ್ತಿದ್ದಂತೆ ಅಂಬಿಗರೆಲ್ಲ ಮುತ್ತಿಕೊಂಡು "ಓರ್ಸ್!", "ಸ್ಕಲ್ಸ್!" ಎಂದು ಕೂಗುತ್ತಿದ್ದರು. ಓರ್ಸ್ ಎಂದರೆ ಇಬ್ಬರು ಹುಟ್ಟು ಹಾಕುವ ದೋಣಿ, ಬೇಗ ಹೋಗುತ್ತದೆ, ಬಾಡಿಗೆ ಜಾಸ್ತಿ. ಸ್ಕಲ್ಸ್ ಎಂದರೆ ಒಬ್ಬನೇ ಎರಡು ಹುಟ್ಟು ಹಿಡಿದು ನಡೆಸುವುದು, ನಿಧಾನ, ಅಗ್ಗ. "ವೆಸ್ಟ್‌ವರ್ಡ್ ಹೋ", "ಈಸ್ಟ್‌ವರ್ಡ್ ಹೋ" ಎಂಬ ಕೂಗು ಕೂಡ ಇವರದೇ, ಯಾವ ದಿಕ್ಕಿಗೆ ಹೊರಟಿದ್ದೇನೆ ಬನ್ನಿ ಹತ್ತಿ ಎಂದು. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದ ತಕ್ಷಣ ಆಟೋದವರು ಸುತ್ತುವರಿಯುವುದನ್ನು ಕಂಡವರಿಗೆ ಈ ದೃಶ್ಯವನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಮೀಟರ್ ಜಗಳವೂ ಹಾಗೇ ಇತ್ತು. ದರಪಟ್ಟಿ ಒಂದು ಹೇಳುತ್ತಿತ್ತು, ಅಂಬಿಗ ಇನ್ನೊಂದು ಕೇಳುತ್ತಿದ್ದ. ರಾತ್ರಿ ಆದರೆ, ಮಳೆ ಬಂದರೆ, ಗಿರಾಕಿ ಊರಿಗೆ ಹೊಸಬ ಅಂತ ಗೊತ್ತಾದರೆ ಕೇಳುವುದೇ ಬೇಡ.

ಲಂಡನ್ ಬ್ರಿಡ್ಜ್‌ನ ಕೆಳಗೆ ಹಾಯುವುದು ಬೇರೆಯೇ ಸಾಹಸ. ಆ 19 ಕಮಾನುಗಳ ಕಂಬಗಳಿಗೆ ರಕ್ಷಣೆಗೆಂದು ಸುತ್ತ ಮರದ ದಿಮ್ಮಿ ಹೂತು ಕಲ್ಲು ತುಂಬಿದ ದಪ್ಪನೆಯ ಕಟ್ಟೆಗಳಿದ್ದವು. ಹೀಗಾಗಿ ನೀರು ಹರಿಯಲು ಉಳಿದ ಜಾಗ ಬಹಳ ಕಡಿಮೆ, ಸೇತುವೆಯೇ ಅರ್ಧ ಅಣೆಕಟ್ಟು. 1580ರ ದಶಕದಲ್ಲಿ ಕೆಲವು ಕಮಾನುಗಳಿಗೆ ನೀರೆತ್ತುವ ಚಕ್ರ ಬೇರೆ ಕೂರಿಸಿದರು, ಇಕ್ಕಟ್ಟು ಇನ್ನೂ ಹೆಚ್ಚಾಯಿತು. ಇಳಿತದ ಹೊತ್ತಿಗೆ ಸೇತುವೆಯ ಮೇಲ್ಬದಿಯ ನೀರಿಗೂ ಕೆಳಬದಿಯ ನೀರಿಗೂ ಆಳೆತ್ತರ ವ್ಯತ್ಯಾಸ ಬೀಳುತ್ತಿತ್ತು. ಆ ಧುಮುಕುವ ನೀರಿನಲ್ಲಿ ದೋಣಿಯನ್ನು ಕಮಾನಿನೊಳಗೆ ತೂರಿಸಿ ಆಚೆಗೆ ಹಾರಿಸಬೇಕು. 1428ರಲ್ಲಿ ನಾರ್ಫೋಕ್‌ನ ಡ್ಯೂಕನ ದೋಣಿ ಹೀಗೇ ಕಂಬಕ್ಕೆ ಬಡಿದು ಮಗುಚಿತು. ಡ್ಯೂಕ್ ಮತ್ತು ಕೆಲವರು ಕಟ್ಟೆಯ ಮೇಲೆ ಹಾರಿ ಹಗ್ಗ ಹಿಡಿದು ಬದುಕಿಕೊಂಡರು, ಉಳಿದವರು ಮುಳುಗಿದರು. ಬುದ್ಧಿವಂತರು ಸೇತುವೆಯ ಮೇಲೆ ಹೋಗಲಿ, ದಡ್ಡರು ಕೆಳಗೆ ಹೋಗಲಿ ಎಂಬ ಗಾದೆಯೇ ಅಲ್ಲಿ ಹುಟ್ಟಿಕೊಂಡಿತು. ಜೀವದ ಆಸೆ ಇದ್ದ ಪ್ರಯಾಣಿಕರು ಸೇತುವೆಗೆ ಮೊದಲೇ ಓಲ್ಡ್ ಸ್ವಾನ್ ಮೆಟ್ಟಿಲಲ್ಲಿ ಇಳಿದು, ನಡೆದು ಹೋಗಿ, ಆಚೆ ಬಿಲ್ಲಿಂಗ್ಸ್‌ಗೇಟ್‌ನಲ್ಲಿ ಮತ್ತೆ ದೋಣಿ ಹತ್ತುತ್ತಿದ್ದರು. ಅಂಬಿಗ ಮಾತ್ರ ಖಾಲಿ ದೋಣಿಯನ್ನು ಕಮಾನಿನೊಳಗೆ ಬಿಡುತ್ತಿದ್ದ. ಅವನ ಜೀವಕ್ಕೆ ಆ ಆಯ್ಕೆ ಇರಲಿಲ್ಲ.

ಈಗ ಆ ವ್ಯವಹಾರಕ್ಕೆ ಬರೋಣ. 1514ರಲ್ಲಿ ಎಂಟನೇ ಹೆನ್ರಿಯ ಕಾಲದ ಪಾರ್ಲಿಮೆಂಟು ದೋಣಿ ಬಾಡಿಗೆಯನ್ನು ಕಾನೂನಿಗೆ ಒಳಪಡಿಸಿತು. 1555ರ ಕಾಯ್ದೆ ಇನ್ನೂ ಮುಂದೆ ಹೋಯಿತು. ಯಾರು ಬೇಕಾದರೂ ಹುಟ್ಟು ಹಿಡಿದು ನದಿಗಿಳಿಯುತ್ತಿದ್ದಾರೆ, ಕೆಲಸ ಬರುವುದಿಲ್ಲ, ಜನ ಮುಳುಗುತ್ತಿದ್ದಾರೆ, ಕಳ್ಳತನ ಬೇರೆ ಎಂಬ ದೂರುಗಳು ಇದ್ದವು. ಹಾಗಾಗಿ ನಗರದ ಮೇಯರು ಮತ್ತು ಆಲ್ಡರ್‌ಮನ್‌ಗಳು, ಅಂದರೆ ನಗರಾಡಳಿತದ ಹಿರಿಯ ಸದಸ್ಯರು, ಪ್ರತಿ ವರ್ಷ ಎಂಟು ಜನ ಅಂಬಿಗರನ್ನು ಮೇಲ್ವಿಚಾರಕರಾಗಿ ಆರಿಸಬೇಕು ಎಂದಾಯಿತು. ವಾಟರ್‌ಮನ್ ಕಂಪನಿ ಹುಟ್ಟಿದ್ದು ಹೀಗೆ. ಕಂಪನಿ ಎಂದರೆ ಇಲ್ಲಿ ಕಸುಬುದಾರರ ಸಂಘ. ಹೊಸಬ ಒಬ್ಬ ಗುರುವಿನ ಕೈಕೆಳಗೆ ಕಲಿಯಬೇಕು ಎಂಬ ನಿಯಮ ಬಂತು. ಮೊದಲು ಒಂದು ವರ್ಷ ಸಾಕಿತ್ತು, 1603ರಲ್ಲಿ ಅದನ್ನು ಏಳು ವರ್ಷ ಮಾಡಿದರು. ಏಳು ವರ್ಷ ಏನು ಕಲಿಯುತ್ತಿದ್ದ ಎಂದು ಕೇಳಬಹುದು. ಹುಟ್ಟು ಹಾಕುವುದನ್ನು ಕೆಲವೇ ತಿಂಗಳಲ್ಲಿ ಕಲಿಯಬಹುದು. ನದಿಯನ್ನು ಕಲಿಯುವುದಕ್ಕೆ ವರ್ಷಗಳು ಬೇಕು. ಯಾವ ತಿರುವಿನಲ್ಲಿ ಸುಳಿ, ಯಾವ ಹೊತ್ತಿಗೆ ಯಾವ ದಡದ ಪಕ್ಕ ನೀರು ನಿಧಾನ, ಮಂಜು ಕವಿದಾಗ ಎಲ್ಲಿದ್ದೇನೆ ಅಂತ ತಿಳಿಯುವುದು ಹೇಗೆ, ಇವೆಲ್ಲ ಎಲ್ಲೂ ಬರೆದಿರಲಿಲ್ಲ. ಗುರು ಹುಡುಗನನ್ನು ಮನೆಯಲ್ಲೇ ಇಟ್ಟುಕೊಂಡು ಊಟ ಹಾಕಿ ಕಲಿಸುತ್ತಿದ್ದ, ದುಡಿಮೆಯನ್ನೂ ತಾನೇ ತೆಗೆದುಕೊಳ್ಳುತ್ತಿದ್ದ. ಗಂಡ ಸತ್ತ ಮೇಲೆ ಹೆಂಡತಿಯೇ ಹುಡುಗರನ್ನು ಇಟ್ಟುಕೊಂಡು ದೋಣಿ ನಡೆಸಿಸಿದ್ದೂ ಉಂಟು.

ಇದಕ್ಕೆ ತೆತ್ತ ಬೆಲೆ ಏನು? ಕಂಪನಿಯಲ್ಲಿ ಹೆಸರು ಬರೆಸಿದವರೆಲ್ಲರೂ ಸರ್ಕಾರದ ಕೈಗೆ ಸುಲಭವಾಗಿ ಸಿಗುತ್ತಿದ್ದರು. ನೌಕಾಪಡೆಗೆ ಜನ ಬೇಕಾದಾಗ ಬಲವಂತವಾಗಿ ಹಿಡಿದೊಯ್ಯುವ ಪದ್ಧತಿ ಇಂಗ್ಲೆಂಡಿನಲ್ಲಿ ಇತ್ತು. ತೋಳು ಗಟ್ಟಿ, ನೀರಿಗೆ ಹೆದರದವರು, ಊರಲ್ಲೇ ಸಿಗುವವರು ಎಂದರೆ ಅಂಬಿಗರೇ ಅಲ್ವಾ? 1555ರ ಅದೇ ಕಾಯ್ದೆಯಲ್ಲಿ ಇನ್ನೊಂದು ಕಲಮು ಇತ್ತು. ಹಿಡಿಯಲು ಬಂದಾಗ ಬಚ್ಚಿಟ್ಟುಕೊಂಡ ಅಂಬಿಗನಿಗೆ ಎರಡು ವಾರ ಜೈಲು, ಆಮೇಲೆ ಒಂದು ವರ್ಷ ಥೇಮ್ಸ್‌ನಲ್ಲಿ ದುಡಿಯುವಂತಿಲ್ಲ. ಅಂದರೆ ಸುರಕ್ಷತೆಗೆ ಅಂತ ಬಂದ ಕಾನೂನು, ಸೈನಿಕರ ಪಟ್ಟಿಯನ್ನೂ ತಯಾರು ಮಾಡಿಕೊಟ್ಟಿತು. ಮುಂದಿನ ಎರಡೂವರೆ ಶತಮಾನ ಇಂಗ್ಲೆಂಡು ಮಾಡಿದ ಯುದ್ಧಗಳಲ್ಲೆಲ್ಲ ಈ ಜನ ಹೋದರು. ಎಷ್ಟೋ ಜನ ವಾಪಸ್ ಬರಲಿಲ್ಲ.

ತಪ್ಪಿಸಿಕೊಳ್ಳಲು ಒಂದು ದಾರಿ ಇತ್ತು, ಬಹಳ ಜನಕ್ಕೆ ಗೊತ್ತಿಲ್ಲ. 1666ರ ದೊಡ್ಡ ಬೆಂಕಿಯ ನಂತರ ಲಂಡನ್ನಿನಲ್ಲಿ ಬೆಂಕಿ ವಿಮೆ ಕಂಪನಿಗಳು ಶುರುವಾದವು. ತಾವು ವಿಮೆ ಮಾಡಿದ ಮನೆ ಉರಿದರೆ ನಷ್ಟ ತಮಗೇ, ಹಾಗಾಗಿ ಬೆಂಕಿ ಆರಿಸುವವರನ್ನೂ ತಾವೇ ಇಟ್ಟುಕೊಂಡವು. ಆರಿಸಿಕೊಂಡದ್ದು ಅಂಬಿಗರನ್ನು. ಅವರಿಗೆ ಬಣ್ಣದ ಕೋಟು, ತೋಳಿಗೆ ಬಿಲ್ಲೆ. 18ನೇ ಶತಮಾನದ ಆರಂಭದಲ್ಲಿ ಕಾನೂನು ಇವರಿಗೆ ನೌಕಾಪಡೆಯಿಂದ ವಿನಾಯಿತಿಯನ್ನೂ ಕೊಟ್ಟಿತು. ಆ ಕೋಟಿಗೆ ಎಷ್ಟು ಬೇಡಿಕೆ ಇದ್ದಿರಬೇಕು ಎಂದು ಯೋಚಿಸಿ.

ಎಷ್ಟು ಜನ ಇದ್ದರು ಈ ಕಸುಬಿನಲ್ಲಿ? ಇಲ್ಲಿ ಸ್ವಲ್ಪ ಎಚ್ಚರ ಬೇಕು. 1598ರಲ್ಲಿ ಲಂಡನ್ನಿನ ಬಗ್ಗೆ ಬರೆದ ಜಾನ್ ಸ್ಟೋ, ಸುಮಾರು 2,000 ದೋಣಿ ಇವೆ, ಕಡಿಮೆ ಅಂದರೂ 3,000 ಬಡವರು ಅದರಿಂದ ಬದುಕುತ್ತಾರೆ ಎನ್ನುತ್ತಾನೆ. ಹದಿನೈದು ವರ್ಷ ಕಳೆದ ಮೇಲೆ ಜಾನ್ ಟೇಲರ್ ಎಂಬಾತ ವಿಂಡ್ಸರ್‌ನಿಂದ ಗ್ರೇವ್ಸೆಂಡ್ ತನಕ ಅಂಬಿಗರು ಮತ್ತು ಅವರನ್ನು ನಂಬಿಕೊಂಡವರು ಸೇರಿ 40,000 ಎನ್ನುತ್ತಾನೆ. ಎರಡನೆಯ ಸಂಖ್ಯೆಯನ್ನೇ ಎಲ್ಲರೂ ಎತ್ತಿ ಹೇಳುವುದು. ಆದರೆ ಅದರಲ್ಲಿ ಹೆಂಡತಿ ಮಕ್ಕಳೂ ಸೇರಿದ್ದಾರೆ, ದೂರದ ಊರುಗಳೂ ಸೇರಿವೆ. ಜೊತೆಗೆ ಟೇಲರ್ ಸ್ವತಃ ಅಂಬಿಗ, ಆ ಮಾತು ಹೇಳಿದ್ದು ರಾಜನ ಹತ್ತಿರ ಅರ್ಜಿ ಹಿಡಿದು ಹೋದ ಸಂದರ್ಭದ ಬಗ್ಗೆ. ಅರ್ಜಿಯಲ್ಲಿ ಯಾರಾದರೂ ಸಂಖ್ಯೆ ಕಡಿಮೆ ಮಾಡಿ ಹೇಳುತ್ತಾರಾ?

ಆ ಅರ್ಜಿಯ ಕಥೆ ಚೆನ್ನಾಗಿದೆ. ನಾಟಕ ನೋಡುವ ಹುಚ್ಚು ಲಂಡನ್ನಿಗೆ ಹತ್ತಿದ್ದ ಕಾಲ ಅದು. ನಗರದ ಆಡಳಿತಕ್ಕೆ ನಾಟಕ ಕಂಡರೆ ಆಗದು. ಹಾಗಾಗಿ ಅವರ ಕೈಗೆ ಸಿಗದಂತೆ ನದಿಯ ದಕ್ಷಿಣ ದಡದ ಬ್ಯಾಂಕ್‌ಸೈಡ್‌ನಲ್ಲಿ ಒಂದರ ಹಿಂದೆ ಒಂದು ನಾಟಕಶಾಲೆ ಎದ್ದವು. ರೋಸ್ 1587ರಲ್ಲಿ, ಸ್ವಾನ್ 1595ರ ಹೊತ್ತಿಗೆ, ಶೇಕ್ಸ್‌ಪಿಯರನ ತಂಡದ ಗ್ಲೋಬ್ 1599ರಲ್ಲಿ. ನೋಡುವವರು ಬಹುಪಾಲು ಉತ್ತರ ದಡದವರು. ಮಧ್ಯಾಹ್ನ ಅಷ್ಟೂ ಜನ ಒಟ್ಟಿಗೆ ದಾಟಬೇಕು, ಸಂಜೆ ಅಷ್ಟೂ ಜನ ವಾಪಸ್. ತಲೆಗೆ ಒಂದು ಪೆನ್ನಿ ಅಂದರೂ ಒಳ್ಳೆಯ ದುಡಿಮೆ. 1590ರ ದಶಕದ ಆರಂಭದಲ್ಲಿ ಸರ್ಕಾರ ರೋಸ್ ನಾಟಕಶಾಲೆ ಮುಚ್ಚಿಸಿದಾಗ, ನಮ್ಮ ಹೆಂಡತಿ ಮಕ್ಕಳ ಹೊಟ್ಟೆಪಾಡು ಇದು, ದಯವಿಟ್ಟು ತೆರೆಸಿ ಎಂದು ಅಂಬಿಗರೇ ಅರ್ಜಿ ಹಾಕಿದ್ದರು. ಬ್ಯಾಂಕ್‌ಸೈಡ್‌ನ ಬೇರ್ ಗಾರ್ಡನ್ಸ್ ಎಂಬ ಓಣಿಯಲ್ಲಿ ಅಂಬಿಗರ ಆಸನ ಎಂದು ಕರೆಯುವ ಒಂದು ಕಲ್ಲು ಇವತ್ತಿಗೂ ಗೋಡೆಯಲ್ಲಿ ಸಿಕ್ಕಿಸಿಕೊಂಡು ಇದೆ. ಒಬ್ಬ ಕೂರುವುದೇ ಕಷ್ಟ, ಅಷ್ಟು ಸಣ್ಣದು.

ಈ ಸುಗ್ಗಿಗೆ ಇನ್ನೊಂದು ಮುಖ ಇತ್ತು, ಟೇಲರ್ ಅದನ್ನು ಬಿಡಿಸಿ ಹೇಳಿದ್ದಾನೆ. ಸ್ಪೇನ್ ಜೊತೆ ಯುದ್ಧ ನಡೆದಾಗ ಅಂಬಿಗರು ನೌಕಾಪಡೆಯಲ್ಲಿದ್ದರು. ಅವನೇ 1596ರ ಕಾಡಿಜ್ ದಾಳಿಗೆ ಹೋಗಿ ಬಂದವನು. 1604ರಲ್ಲಿ ಶಾಂತಿ ಆದ ಮೇಲೆ ಎಲ್ಲರೂ ನದಿಗೆ ಮರಳಿದರು. ನಾಟಕದ ದೆಸೆಯಿಂದ ಕೆಲಸ ಇತ್ತು, ಅಂತ ಇನ್ನಷ್ಟು ಹುಡುಗರನ್ನು ಕಲಿಯಲು ಇಟ್ಟುಕೊಂಡರು. ಆಮೇಲೆ ಒಂದೊಂದೇ ನಾಟಕ ತಂಡ ಉತ್ತರ ದಡಕ್ಕೆ ಹೋಗತೊಡಗಿತು. 1613ರಲ್ಲಿ ಗ್ಲೋಬ್ ಸುಟ್ಟುಹೋಯಿತು. ದೋಣಿ ತುಂಬ ಜನ, ಗಿರಾಕಿ ಇಲ್ಲ. ಲಂಡನ್ ಕಡೆಯ ದಡದಲ್ಲಿ ನಾಲ್ಕು ಮೈಲಿಯೊಳಗೆ ನಾಟಕಶಾಲೆ ಇರಕೂಡದು ಎಂದು ಕೇಳಿಕೊಂಡು ಟೇಲರ್ ಎಲ್ಲರ ಪರವಾಗಿ ರಾಜ ಜೇಮ್ಸ್ ಹತ್ತಿರ ಹೋದ. ವಿಚಾರಣೆಗೆ ಕಮಿಷನರ್‌ಗಳು ನೇಮಕವಾದರು, ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್ ಕೂಡ ಅದರಲ್ಲಿದ್ದ. ಕೊನೆಗೆ ಏನೂ ಆಗಲಿಲ್ಲ. ಆದದ್ದು ಒಂದೇ, ನಟರಿಂದ ಲಂಚ ತಿಂದು ಟೇಲರ್ ಅರ್ಜಿಯನ್ನು ಹಾಳು ಮಾಡಿದ ಎಂದು ಅವನ ಜೊತೆಯವರೇ ಗುಸುಗುಸು ಎಬ್ಬಿಸಿದರು. ಸಂಘದ ಮುಖಂಡನ ಪಾಡು ಆಗಲೂ ಅಷ್ಟೇ.

ಈ ಟೇಲರ್ ಪದ್ಯ ಬರೆಯುತ್ತಿದ್ದ, ಜಲಕವಿ ಎಂದು ಅವನಿಗೆ ಹೆಸರು. ಒಮ್ಮೆ ಕಂದು ಕಾಗದದಲ್ಲಿ ದೋಣಿ ಮಾಡಿ, ಕೋಲಿಗೆ ಒಣಮೀನು ಕಟ್ಟಿ ಅದನ್ನೇ ಹುಟ್ಟು ಮಾಡಿಕೊಂಡು, ಒಬ್ಬ ಸ್ನೇಹಿತನ ಜೊತೆ ಲಂಡನ್ನಿನಿಂದ ಕೆಂಟ್‌ನ ಕ್ವೀನ್‌ಬರೋ ತನಕ ಹೋದ. ಸ್ವಲ್ಪ ಹೊತ್ತಿಗೇ ಕಾಗದ ನೆನೆದು ಹೋಯಿತು, ಗಾಳಿ ತುಂಬಿ ಪಕ್ಕಕ್ಕೆ ಕಟ್ಟಿಕೊಂಡಿದ್ದ ಎತ್ತಿನ ಮೂತ್ರಕೋಶಗಳು ಉಳಿಸಿದವು. ವಿಷಯಕ್ಕೆ ಇದರಿಂದ ಏನೂ ಉಪಯೋಗ ಇಲ್ಲ, ಆದರೂ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಅಂಬಿಗರ ಬಾಯಿ ಬಗ್ಗೆಯೂ ಹೇಳಬೇಕು. ನದಿಯ ಮೇಲೆ ಎದುರಾದ ದೋಣಿಯವರನ್ನು ಬಾಯಿಗೆ ಬಂದಂತೆ ಬೈಯುವುದು ಥೇಮ್ಸ್‌ನ ಸಂಪ್ರದಾಯವೇ ಆಗಿತ್ತು. ಯಾರು ಏನು ಅಂತ ನೋಡುವಂತಿಲ್ಲ, ಪಾದ್ರಿ ಆದರೂ ಸರಿ. ಪ್ರಯಾಣಿಕರೂ ಸೇರಿಕೊಳ್ಳುತ್ತಿದ್ದರು. ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್ ಒಮ್ಮೆ ಹೀಗೆ ಬೈಸಿಕೊಂಡು, ತಾನೂ ಎದ್ದು, ಅಷ್ಟೇ ಚೊಕ್ಕವಾದ ವ್ಯಾಕರಣದಲ್ಲಿ ಎದುರಿನವನ ಹೆಂಡತಿಯ ದಂಧೆಯ ಬಗ್ಗೆ ಉತ್ತರ ಕೊಟ್ಟದ್ದು ದಾಖಲಾಗಿದೆ. ಇಲ್ಲಿ ಬರೆಯುವ ಹಾಗಿಲ್ಲ.

ಊರಿಗೆ ಕಷ್ಟ ಬಂದಾಗ ಮೊದಲು ಸಿಕ್ಕಿಬೀಳುತ್ತಿದ್ದವರೂ ಇವರೇ. 1665ರ ಪ್ಲೇಗಿನಲ್ಲಿ ಪೀಪ್ಸ್‌ನನ್ನು ದಿನಾ ಕರೆದೊಯ್ಯುತ್ತಿದ್ದ ಅಂಬಿಗನೊಬ್ಬ ಅವನನ್ನು ಇಳಿಸಿ ಹೋದವನು ಮಲಗಿಬಿಟ್ಟ, ಕೆಲವೇ ದಿನಗಳಲ್ಲಿ ಸತ್ತ. ಮರುವರ್ಷ ಬೆಂಕಿ ಬಿದ್ದಾಗ ಜನ ಕೊನೆ ಗಳಿಗೆ ತನಕ ಮನೆ ಬಿಡದೆ, ಆಮೇಲೆ ಸಾಮಾನು ಹೊತ್ತು ದೋಣಿಗಳಿಗೆ ನುಗ್ಗಿದರು. ಸಾಮಾನು ತುಂಬಿದ ಮೂರು ದೋಣಿಗಳಲ್ಲಿ ಒಂದರಲ್ಲಾದರೂ ವರ್ಜಿನಲ್ ಎಂಬ ಸಂಗೀತದ ಪೆಟ್ಟಿಗೆ ಇತ್ತು ಅಂತ ಪೀಪ್ಸ್ ಬರೆದಿಟ್ಟಿದ್ದಾನೆ. ಇನ್ನು ಚಳಿ. ಹಳೆಯ ಸೇತುವೆ ನೀರನ್ನು ತಡೆಯುತ್ತಿದ್ದ ಕಾರಣ ಕೆಲವು ವರ್ಷ ನದಿ ಗಟ್ಟಿಯಾಗಿ ಹೆಪ್ಪುಗಟ್ಟುತ್ತಿತ್ತು. 1683-84ರಲ್ಲಿ ಐಸಿನ ಮೇಲೆ ಅಂಗಡಿ ಬೀದಿಯೇ ಎದ್ದಿತು. ದೋಣಿ ನಡೆಯುವುದಿಲ್ಲ, ಹೊಟ್ಟೆಗೆ ಏನು ಮಾಡುವುದು? ಅಂಬಿಗರು ದಡದಿಂದ ಐಸಿಗೆ ಹಲಗೆ ಹಾಕಿ, ಇಳಿಯುವವರಿಂದ ಕಾಸು ಕಿತ್ತರು. ಕೆಲವರು ದೋಣಿಗೆ ಚಕ್ರ ಕಟ್ಟಿ ಐಸಿನ ಮೇಲೆ ಎಳೆದುಕೊಂಡು ಓಡಾಡಿಸಿದರು. ನದಿ ಕಲ್ಲಾದರೂ ಬಾಡಿಗೆ ಬಿಡಲಿಲ್ಲ.

ಅವರ ಮೊದಲ ಶತ್ರು ಸೇತುವೆಯಾಗಿರಲಿಲ್ಲ. 17ನೇ ಶತಮಾನದ ಆರಂಭದಲ್ಲೇ ಬಾಡಿಗೆ ಕುದುರೆ ಗಾಡಿಗಳು ಬಂದವು, 1634ರಲ್ಲಿ ಸ್ಟ್ರಾಂಡ್ ಬೀದಿಯಲ್ಲಿ ಅವುಗಳಿಗೆ ಸ್ಟ್ಯಾಂಡೂ ಆಯಿತು. ಟೇಲರ್ ಗಾಡಿಗಳ ಮೇಲೆ ಉರಿದುಬಿದ್ದ. ಆದರೆ ಅಂಬಿಗರ ಹಕ್ಕು ನೀರಿಗೆ ಸೀಮಿತ. ಗಾಡಿ ನೆಲದ ಮೇಲೆ ಓಡುತ್ತದೆ, ಅದನ್ನು ತಡೆಯಲು ಅವರ ಕಾಯ್ದೆಯಲ್ಲಿ ಏನೂ ಇರಲಿಲ್ಲ. ವ್ಯವಹಾರದಲ್ಲಿ ಮೊದಲ ಬಿರುಕು ಬಿಟ್ಟದ್ದು ಇಲ್ಲಿ.

ಸೇತುವೆಯನ್ನು ಮಾತ್ರ ಅವರು ಬಹಳ ಕಾಲ ತಡೆದರು. 1664ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸೇತುವೆ ಕಟ್ಟುವ ಮಾತು ಬಂದಾಗ ಅಂಬಿಗರೂ, ನಗರದ ಆಡಳಿತವೂ ಸೇರಿ ವಿರೋಧಿಸಿದರು. ಯುದ್ಧಕ್ಕೆ ಜನ ಎಲ್ಲಿಂದ ತರುತ್ತೀರಿ ಅನ್ನುವುದು ಅಂಬಿಗರ ಕೈಯಲ್ಲಿದ್ದ ಗಟ್ಟಿ ವಾದ. ಅಂದರೆ ತಮ್ಮನ್ನು ಹಿಡಿದೊಯ್ಯುವ ಆ ಪದ್ಧತಿಯನ್ನೇ ಗುರಾಣಿ ಮಾಡಿಕೊಂಡರು! ಆ ಸೇತುವೆ ಇನ್ನೂ ಎಂಬತ್ತಕ್ಕೂ ಹೆಚ್ಚು ವರ್ಷ ತಡವಾಯಿತು. 1729ರಲ್ಲಿ ಪಟ್ನಿಯಲ್ಲಿ ಮರದ ಸೇತುವೆ ಬಂತು, ಅದು ಊರಾಚೆ. 1750ರಲ್ಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆ ತೆರೆದಾಗ ನಿಜವಾದ ಪೆಟ್ಟು ಬಿತ್ತು. ಲಾಟರಿ ದುಡ್ಡು, ಸರ್ಕಾರದ ದುಡ್ಡು ಹಾಕಿ ಕಟ್ಟಿದ್ದು, ಟೋಲ್ ಇಲ್ಲ. ಪುಕ್ಕಟೆ ಸೇತುವೆಯ ಎದುರು ಒಂದು ಪೆನ್ನಿ ದೋಣಿ ಹೇಗೆ ನಿಂತೀತು?

ಪರಿಹಾರ ಕೊಟ್ಟರು. ಯಾರಿಗೆ ಕೊಟ್ಟರು ಅನ್ನುವುದೇ ಮುಖ್ಯ. ವೆಸ್ಟ್‌ಮಿನ್‌ಸ್ಟರ್ ಹತ್ತಿರ ಕುದುರೆ ಗಾಡಿಗಳನ್ನು ದಾಟಿಸುವ ದೊಡ್ಡ ದೋಣಿ ಒಂದಿತ್ತು, ಅದರ ಹಕ್ಕು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರದು. ಅವರಿಗೆ ಪರಿಹಾರ ಸಿಕ್ಕಿತು. ಹಾರ್ಸ್‌ಫೆರಿ ರೋಡ್ ಎಂಬ ಹೆಸರು ಅಲ್ಲಿ ಈಗಲೂ ಇದೆ. ಅಂಬಿಗರ ಕಂಪನಿಗೂ ಸಿಕ್ಕಿತು, ಆದರೆ ಭಾನುವಾರದ ದೋಣಿಗೆ ಮಾತ್ರ. ಭಾನುವಾರ ಕೆಲಸ ನಿಷೇಧ ಇದ್ದದ್ದರಿಂದ ಆ ದಿನ ಕಂಪನಿಯೇ ಆರಿಸಿದ ಕೆಲವರು ದೋಣಿ ನಡೆಸಿ, ಬಂದ ದುಡ್ಡನ್ನು ಮುದುಕರಾದ, ಬಡ ಅಂಬಿಗರ ನಿಧಿಗೆ ಹಾಕುತ್ತಿದ್ದರು. ಆ ನಿಧಿಗೆ ಆದ ನಷ್ಟವನ್ನು ತುಂಬಿಕೊಟ್ಟರು. ಸೋಮವಾರದಿಂದ ಶನಿವಾರದ ತನಕ ಅದೇ ಮೆಟ್ಟಿಲಲ್ಲಿ ದುಡಿಯುತ್ತಿದ್ದವನ ಸ್ವಂತ ನಷ್ಟಕ್ಕೆ ಏನೂ ಇಲ್ಲ. ಅವನಿಗೆ ಕಸುಬಿನ ಹಕ್ಕಿತ್ತೇ ಹೊರತು ಗಿರಾಕಿಯ ಮೇಲೆ ಹಕ್ಕಿರಲಿಲ್ಲ ಅನ್ನುವುದು ಕಾನೂನಿನ ಲೆಕ್ಕ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ನಮ್ಮ ಗಾದೆ ಇಷ್ಟು ನೇರವಾಗಿ ಹೊಂದುವ ಜಾಗ ಬೇರೆ ಸಿಗಲಿಕ್ಕಿಲ್ಲ.

ಮುಂದಿನದು ಬೇಗ ಬೇಗ ಆಯಿತು. 1769ರಲ್ಲಿ ಬ್ಲ್ಯಾಕ್‌ಫ್ರಯರ್ಸ್, 1816ರಲ್ಲಿ ವಾಕ್ಸ್‌ಹಾಲ್, 1817ರಲ್ಲಿ ವಾಟರ್‌ಲೂ, 1819ರಲ್ಲಿ ಸದರ್ಕ್. 1831ರಲ್ಲಿ ಹೊಸ ಲಂಡನ್ ಬ್ರಿಡ್ಜ್ ತೆರೆದು ಹಳೆಯದನ್ನು ಕೆಡವಿದರು. ಆದರೂ ಸೇತುವೆಗಳಿಂದ ದಾಟುವ ಕೆಲಸ ಕಡಿಮೆಯಾಯಿತೇ ಹೊರತು, ನದಿಯ ಉದ್ದಕ್ಕೆ ಹೋಗುವ ಕೆಲಸ ಇನ್ನೂ ಉಳಿದಿತ್ತು. ಅದನ್ನು ತಿಂದದ್ದು ಉಗಿದೋಣಿ. 1815ರಲ್ಲಿ ಗ್ರೇವ್ಸೆಂಡ್‌ಗೆ ಮೊದಲ ಉಗಿದೋಣಿ ಓಡಿತು. ನದಿಯ ಮೇಲೆ ಪ್ರಯಾಣಿಕರನ್ನು ಒಯ್ಯುವ ಹಕ್ಕು ನಮ್ಮ ಸದಸ್ಯರದು ಮಾತ್ರ ಎಂದು ಕಂಪನಿ ಹಟ ಹಿಡಿಯಿತು. ಕಾನೂನು ಅವರ ಕಡೆಗೇ ಇದ್ದರೂ ಫಲ ಬೇರೆ ಆಯಿತು. ಉಗಿದೋಣಿಯ ಮಾಲೀಕರು ಸದಸ್ಯರನ್ನೇ ಕೆಲಸಕ್ಕೆ ಇಟ್ಟುಕೊಂಡರು. ನೂರಾರು ಜನ ಹತ್ತುವ ದೋಣಿ ನಡೆಸಲು ಕೆಲವೇ ಕೆಲವರು ಸಾಕು. ಅವರಿಗೆ ಸಂಬಳ ಸಿಕ್ಕಿತು, ಉಳಿದವರು ಮೆಟ್ಟಿಲಲ್ಲಿ ಕೂತರು. 1840ರ ದಶಕದಲ್ಲಿ ಉಗಿದೋಣಿಗಳ ಪೈಪೋಟಿಯಲ್ಲಿ ಟಿಕೆಟ್ಟು ಅರ್ಧ ಪೆನ್ನಿಗೂ ಇಳಿಯಿತು. ಹಾಗೆ ಅರ್ಧ ಪೆನ್ನಿಗೆ ಓಡುತ್ತಿದ್ದ ಕ್ರಿಕೆಟ್ ಎಂಬ ದೋಣಿಯ ಬಾಯ್ಲರ್ 1847ರಲ್ಲಿ ಸಿಡಿದು ಜನ ಸತ್ತರು. ಆದರೂ ಯಾರೂ ಹುಟ್ಟಿನ ದೋಣಿಗೆ ವಾಪಸ್ ಬರಲಿಲ್ಲ. ಅಷ್ಟರಲ್ಲಿ ನೆಪೋಲಿಯನ್ ಯುದ್ಧಗಳೂ ಮುಗಿದು, ಬಲವಂತವಾಗಿ ಹಿಡಿದೊಯ್ಯುವ ಪದ್ಧತಿಯೂ ನಿಂತುಹೋಗಿತ್ತು. ಸರ್ಕಾರಕ್ಕೆ ಅಂಬಿಗರಿಂದ ಬೇಕಾದದ್ದು ಏನೂ ಉಳಿಯಲಿಲ್ಲ. ಅವರನ್ನು ಕಾಯುವ ಅವಸರವೂ ಉಳಿಯಲಿಲ್ಲ.

1836ರಲ್ಲಿ ಗ್ರೀನಿಚ್ ಕಡೆಗೆ ರೈಲು ಶುರುವಾಯಿತು, 1843ರಲ್ಲಿ ನದಿಯ ಅಡಿಯಲ್ಲೇ ನಡೆದುಹೋಗುವ ಸುರಂಗ ಬಂತು. 1860ರ ದಶಕದಿಂದ ಚರಂಡಿ ವ್ಯವಸ್ಥೆಯ ಜೊತೆಗೆ ಎಂಜಿನಿಯರ್ ಜೋಸೆಫ್ ಬೇಝಲ್‌ಗೆಟ್ ನದಿಯ ದಡಕ್ಕೆ ಕಲ್ಲಿನ ಗೋಡೆ ಕಟ್ಟಿಸಿದಾಗ ಹಳೆಯ ಮೆಟ್ಟಿಲುಗಳೇ ಎಷ್ಟೋ ಮಾಯವಾದವು. ದಕ್ಷಿಣ ದಡದ ಲ್ಯಾಂಬೆತ್‌ನಲ್ಲಿ ದೋಣಿ ಕಟ್ಟುವವರ ಅಂಗಳಗಳನ್ನು ತೆರವು ಮಾಡಿ ಎಬ್ಬಿಸಿದ್ದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. ಅಲ್ಲಿ 2015ರಿಂದ ನಮ್ಮ ಬಸವಣ್ಣನವರ ಪುತ್ಥಳಿ ಇದೆ, ಲಂಡನ್ನಿಗೆ ಹೋದ ಕನ್ನಡಿಗರು ಫೋಟೋ ತೆಗೆಸಿಕೊಳ್ಳದೆ ಬರುವುದಿಲ್ಲ. ಬಸವಣ್ಣನವರ ಜೊತೆಗಾರರಲ್ಲಿ ಅಂಬಿಗರ ಚೌಡಯ್ಯನೂ ಒಬ್ಬ ಅಲ್ವಾ. ಮುಚ್ಚುಮರೆ ಇಲ್ಲದೆ ಮಾತಾಡುವ ಆತನಿಗೆ ಥೇಮ್ಸ್‌ನವರ ಬಾಯಿ ಹೊಸದೇನೂ ಅನ್ನಿಸುತ್ತಿರಲಿಲ್ಲ.

ಇದೇ ನದಿಯಲ್ಲಿ ಸರಕು ಸಾಗಿಸುತ್ತಿದ್ದವರ ಕಥೆ ಮಾತ್ರ ಬೇರೆ. ಅವರು ಲೈಟರ್‌ಮನ್‌ಗಳು, 1700ರಲ್ಲಿ ಅಂಬಿಗರ ಕಂಪನಿಗೇ ಸೇರಿಕೊಂಡವರು. 1799ರಲ್ಲಿ ಹೊಸ ಹಡಗುಕಟ್ಟೆ ಕಟ್ಟುವ ಕಾಯ್ದೆ ಬಂದಾಗ, ಇವರ ದೋಣಿಗಳು ಒಳಗೆ ಬಂದು ಹೋಗಲು ಶುಲ್ಕ ಕೊಡಬೇಕಿಲ್ಲ ಎಂಬ ಕಲಮು ಸೇರಿತು. ಆ ಒಂದು ಸಾಲು ಅವರನ್ನು ಇನ್ನೂ ನೂರೈವತ್ತು ವರ್ಷಕ್ಕೂ 
ಜಾಸ್ತಿ ಬದುಕಿಸಿತು, ಕಂಟೇನರ್ ಹಡಗುಗಳು ಬರುವ ತನಕ. ಜನರನ್ನು ಸಾಗಿಸುವವರಿಗೆ ಅಂಥ ಒಂದು ಸಾಲು ಯಾವ ಸೇತುವೆಯ ಕಾಯ್ದೆಯಲ್ಲೂ ಸಿಗಲಿಲ್ಲ.

ಈಗ ಏನು ಉಳಿದಿದೆ? ಸೇಂಟ್ ಮೇರಿ ಅಟ್ ಹಿಲ್ ಬೀದಿಯಲ್ಲಿ 1780ರಲ್ಲಿ ಕಟ್ಟಿದ ಕಂಪನಿಯ ಕಟ್ಟಡ ಇದೆ, ಈಗಲೂ ಹುಡುಗ ಹುಡುಗಿಯರು ಅಲ್ಲಿ ಹೆಸರು ಬರೆಸಿ ಕಸುಬು ಕಲಿಯುತ್ತಾರೆ, ಮುಂದೆ ಪ್ರವಾಸಿ ದೋಣಿ, ಬೇರೆ ದೋಣಿಗಳನ್ನು ಎಳೆಯುವ ಟಗ್ ನಡೆಸುತ್ತಾರೆ. ರಾಜನಿಗೆ ಕೆಂಪು ಕೋಟಿನ 24 ರಾಯಲ್ ವಾಟರ್‌ಮನ್‌ಗಳಿದ್ದಾರೆ. ಮತ್ತೆ ಡಾಗೆಟ್ ಪಂದ್ಯ ಇದೆ. ಥಾಮಸ್ ಡಾಗೆಟ್ ಎಂಬ ಐರಿಶ್ ಹಾಸ್ಯನಟ, ಒಂದನೇ ಜಾರ್ಜ್ ಪಟ್ಟಕ್ಕೆ ಬಂದ ನೆನಪಿಗೆ 1715ರಲ್ಲಿ ಇದನ್ನು ಶುರು ಮಾಡಿದ. ಆಗಷ್ಟೇ ಕಲಿತು ಮುಗಿಸಿದ ಆರು ಅಂಬಿಗರು ಲಂಡನ್ ಬ್ರಿಡ್ಜ್‌ನಿಂದ ಚೆಲ್ಸಿ ತನಕ, ಸುಮಾರು 7.4 ಕಿಲೋಮೀಟರ್. ಗೆದ್ದವನಿಗೆ ಕೋಟು ಮತ್ತು ತೋಳಿಗೆ ದೊಡ್ಡ ಬೆಳ್ಳಿ ಬಿಲ್ಲೆ. ಒಂದು ಕೆಟ್ಟ ರಾತ್ರಿ ಹಳಬರು ಯಾರೂ ಬರದಿದ್ದಾಗ ಹೊಸ ಹುಡುಗನೊಬ್ಬ ಡಾಗೆಟ್‌ನನ್ನು ಮನೆ ಮುಟ್ಟಿಸಿದ, ಅದಕ್ಕೇ ಈ ಬಹುಮಾನ ಎಂಬ ದಂತಕಥೆ ಇದೆ. ಮೊದಲು ಇಳಿತದ ನೀರಿಗೆ ಎದುರಾಗಿ ಹುಟ್ಟು ಹಾಕಬೇಕಿತ್ತು, ಎರಡು ಗಂಟೆಯಷ್ಟು ಹಿಡಿಯುತ್ತಿತ್ತು. 1873ರಿಂದ ನೀರಿನ ಜೊತೆಗೇ ಬಿಡುತ್ತಾರೆ, ಈಗ ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ಕಾನೂನಿನ ಪ್ರಕಾರ ಆ ಹಳೆಯ ಹಕ್ಕು ಹೋದದ್ದು ಮಾತ್ರ ತೀರಾ ಇತ್ತೀಚೆಗೆ. 2007ರ ಜನವರಿಯಿಂದ ಬ್ರಿಟನ್ನಿನ ಎಲ್ಲ ಒಳನಾಡಿನ ನೀರಿಗೂ ಅನ್ವಯಿಸುವ ಒಂದೇ ಬೋಟ್‌ಮಾಸ್ಟರ್ ಲೈಸೆನ್ಸ್ ಬಂತು. ಥೇಮ್ಸ್‌ನಲ್ಲಿ ಪ್ರಯಾಣಿಕರನ್ನು ಒಯ್ಯಲು ಕಂಪನಿಯಲ್ಲೇ ಕಲಿತಿರಬೇಕು ಎಂಬ ನಿಯಮ ಇಲ್ಲವಾಯಿತು. ಅಂಬಿಗರು ವಿರೋಧಿಸಿದರು. ಈ ನದಿಯನ್ನು ಬೇರೆಡೆ ಕಲಿತು ಬಂದು ನಡೆಸಲು ಆಗದು ಎನ್ನುವುದು ಅವರ ವಾದ. ಅದರಲ್ಲಿ ಹುರುಳಿತ್ತು. ಊರೊಳಗಿನ ಥೇಮ್ಸ್‌ನಲ್ಲಿ ದೋಣಿ ನಡೆಸುವವರಿಗೆ ಈ ನದಿಯ ಬಗ್ಗೆಯೇ ಬೇರೆ ಪರೀಕ್ಷೆಯನ್ನು ಆ ಲೈಸೆನ್ಸಿಗೆ ಸೇರಿಸಬೇಕಾಯಿತು.